ಬೆವತ್ರ ಬೆಲ್ಲ

“ಸೂಜಿ ಮ್ಯಾಲ ಬದುಕೂ ಹುಡುಗಿ ಡಿಗ್ರಿ ಮುಗಸೋದು ಆಗದ ಮಾತು” ಎಂದವಳು ನನ್ನ ಅಜ್ಜಿ. ಇನ್ಸುಲಿನ್ ವಾಸನೆ ಮೂಗಿಗೆ ಬಡಿದಾಗಲೆಲ್ಲ ಈಗಲೂ ನನಗೆ ಇಳಕಲ್ಲಿನ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಒಂಬತ್ತು ವರ್ಷ. ಹೊಟ್ಟೆಯೊಳಗಿನ ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನೇ ಬಿಟ್ಟಿತ್ತು. ಅದಕ್ಕೇ ಊಟಕ್ಕೆ ಮೊದಲು ಸೂಜಿ. ಅಂದು ಶ್ರಾವಣ ಸೋಮವಾರ. ಅವ್ವ ಸೂಜಿ ಹಾಕಿ ತಾಟು ಇಟ್ಟಳು. ಅಜ್ಜಿ ಅದನ್ನು ಎಳೆದುಕೊಂಡಳು.

“ಅಯ್ನೋರು ಬಂದು ಉಣ್ಣೂಮಟಾ ಯಾರೂ ಮುಟ್ಟಬ್ಯಾಡ್ರಿ.”

ಪೂಜೆ ಮಾಡಿ ಉಣ್ಣಲು ಕರೆದಿದ್ದ ಮಠದ ಅಯ್ನೋರು ಎಷ್ಟು ಹೊತ್ತಾದರೂ ಬರಲಿಲ್ಲ. ನನ್ನ ಅಂಗಿ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತು. ಪಡಸಾಲೆಯಲ್ಲಿದ್ದ ನಮ್ಮ ಸೀರೆ ಮಗ್ಗದ ಕೆಂಪು ಎಳೆಗಳು ಎರಡೆರಡಾಗಿ ಕಂಡವು. ಹೇಳೋಣವೆಂದರೆ ನಾಲಗೆ ಏಳಲಿಲ್ಲ.

“ಸಕ್ಕರಿ ಏರೈತಿ! ಇನ್ನೊಂದು ಸೂಜಿ ಹಾಕ!” ಅಜ್ಜಿ ಚೀರಿದಳು.

ಅವ್ವ ಗಡಿಗೆಯ ತಂಪಿನಲ್ಲಿಟ್ಟಿದ್ದ ಬಾಟಲಿ ತೆಗೆದಳು. ಸೂಜಿ ನನ್ನ ತೊಡೆಯ ಹತ್ತಿರ ಬಂತು. ನನ್ನನ್ನು ಮುಟ್ಟಿದ ಅವಳ ಬೆರಳು ಒದ್ದೆಯಾಗಿ ಅಲ್ಲೇ ನಿಂತಿತು.

“ಬೆವತ್ರ ಬೆಲ್ಲ” ಎಂದಳು. ಓದು ಬಾರದ ಅವಳಿಗೆ ಬಾಗಲಕೋಟೆಯ ಡಾಕ್ಟರು ಬಾಯಿಪಾಠ ಮಾಡಿಸಿದ್ದ ಮಾತು. “ಸೂಜಿ ಹಾಕಿ ಉಣಿಸಿಲ್ಲ, ಸಕ್ಕರಿ ಇಳದೈತ್ರಿ ಅತ್ತಿ!”

“ಸಕ್ಕರಿ ಬ್ಯಾನಿಗೆ ಬೆಲ್ಲಾ? ಕೊಲ್ತೀ ಏನ ಕೂಸಿನ್ನ!”

ಅವ್ವ ಕೇಳಲಿಲ್ಲ. ಹೂರಣಕ್ಕಿಟ್ಟಿದ್ದ ಬೆಲ್ಲ ಪುಡಿ ಮಾಡಿ ನನ್ನ ಕೆನ್ನೆಯೊಳಗೆ ತಿಕ್ಕಿದಳು. ಮಗ್ಗದ ಎಳೆಗಳು ಮತ್ತೆ ಒಂದೊಂದಾಗುವವರೆಗೂ ತಿಕ್ಕುತ್ತಲೇ ಇದ್ದಳು.

ಈ ಶ್ರಾವಣ ಸೋಮವಾರ ನನ್ನ ಡಿಗ್ರಿ ಸರ್ಟಿಫಿಕೇಟು ತಂದು ಅಜ್ಜಿಯ ಕೈಗೆ ಕೊಟ್ಟೆ. ನಮ್ಮ ಮನೆತನಕ್ಕೆ ಅದೇ ಮೊದಲನೆಯದು. ಅವಳು ಅದನ್ನು ಉಡಿಯಲ್ಲಿಟ್ಟುಕೊಂಡು, ನನ್ನ ಹಣೆ ಮುಟ್ಟಿ ನೋಡಿದಳು.

“ಸೂಜಿ ತಗೊಂಡೀ? ಮೊದಲ ನೀ ಉಣ್ಣ ಬಾ, ಯವ್ವಾ. ಅಯ್ನೋರು ಆಮ್ಯಾಲ ಉಣ್ತಾರ.”