ನೋವಾದರೆ ಹೇಳಬೇಕು

“ಚಲಪತಿಯವರೇ, ಬಲಗಾಲಿನ ಹೆಬ್ಬೆರಳು ಆಡಿಸಿ.”

ಹಸಿರು ಬಟ್ಟೆಯ ಕೆಳಗೆ ಬೋರಲಾಗಿ ಮಲಗಿದ್ದ ಚಲಪತಿ ಬೆರಳಾಡಿಸಿದ. ಹುಟ್ಟಿದ ಐವತ್ತೆಂಟು ವರ್ಷದಲ್ಲಿ ಯಾರೂ ಅವನ ಹೆಸರಿಗೆ ‘ಅವರೇ’ ಸೇರಿಸಿ ಕರೆದಿರಲಿಲ್ಲ. ಈಗ ಕರೆದವಳು ಡಾಕ್ಟರ್ ಗೌತಮಿ. ಅವನ ಸೊಂಟದ ಪಕ್ಕದಿಂದ ಪೆನ್ಸಿಲ್ ದಪ್ಪದ ನಳಿಗೆಯೊಂದನ್ನು ಒಳಗಿಳಿಸಿ, ಅದರ ತುದಿಯ ಕ್ಯಾಮೆರಾ ಕಂಡದ್ದನ್ನು ಪರದೆಯ ಮೇಲೆ ನೋಡುತ್ತ ನಿಂತಿದ್ದಳು. ಅವನ ಮಗಳು.

ಬೆನ್ನುಮೂಳೆಯ ಈ ಹೊಸ ಬಗೆಯ ಆಪರೇಷನ್ನನ್ನು ಬೆಂಗಳೂರಿನಲ್ಲಿ ಹಿರಿಯರ ಕೈಕೆಳಗೆ ಕಲಿತು, ಅವಳು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿ ಮೂರು ತಿಂಗಳಾಗಿತ್ತು. ಬೆರಳುಗುರಿನಷ್ಟು ಗಾಯ, ಒಂದೇ ಹೊಲಿಗೆ, ಎಲ್ಲ ಸರಿಹೋದರೆ ಸಂಜೆಗೆ ಎದ್ದು ನಡೆಯಬಹುದು ಎಂದು ಎಷ್ಟು ಬಿಡಿಸಿ ಹೇಳಿದರೂ ಜನ ತಲೆಯಾಡಿಸಿ ಕೇಳಿಸಿಕೊಂಡು, ಬೆನ್ನಿಗೆ ಕತ್ತಿ ತಾಗಿದರೆ ಕಾಲು ಹೋಗುತ್ತೆ ಎಂದು ಎದ್ದು ಹೋಗುತ್ತಿದ್ದರು. ಈ ಆಪರೇಷನ್ನಿಗೆಂದೇ ತಂದ ಯಂತ್ರದ ಮೇಲಿನ ಹೊದಿಕೆ ತೆಗೆಯುವ ಕಾಲವೇ ಬಂದಿರಲಿಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ರೇಷ್ಮೆಗೂಡಿನ ಮೂಟೆ ಹೊತ್ತವನು ಚಲಪತಿ. ಸೊಂಟದ ಡಿಸ್ಕ್ ಜಾರಿ ನರವನ್ನು ಒತ್ತುತ್ತಿತ್ತು. ತನ್ನೂರು ದಿಬ್ಬೂರಹಳ್ಳಿಯಿಂದ ಬಸ್ಸು ಹತ್ತಿದರೆ ಇಳಿಯುವಾಗ ಬಲಗಾಲು ಅವನದಾಗಿರುತ್ತಿರಲಿಲ್ಲ. ಮಾತ್ರೆ, ವ್ಯಾಯಾಮ, ಇಂಜೆಕ್ಷನ್ ಯಾವುದಕ್ಕೂ ನೋವು ಬಗ್ಗಲಿಲ್ಲ. ಆಪರೇಷನ್ ನೀನೇ ಮಾಡು ಎಂದು ಮಗಳಿಗೆ ಹೇಳಿದ. ಡಾಕ್ಟರಾದವರು ಸ್ವಂತದವರ ಮೇಲೆ ಕೈಯಿಡಬಾರದು ಎಂದು ಅವಳು ವಾರವಿಡೀ ವಾದ ಮಾಡಿದಳು. “ಹೆತ್ತಪ್ಪನೇ ಬೇರೆ ಕಡೆ ಹೋದ್ರೆ, ಬೇರೆಯವ್ರು ನಿನ್ನ ಹತ್ರ ಯಾಕಮ್ಮ ಬರ್ತಾರೆ?” ಎಂದು ಅವನು ಕೇಳಿದಾಗ ವಾದ ನಿಲ್ಲಿಸಿದಳು. ಆಸ್ಪತ್ರೆಯ ಹಿರಿಯ ಸರ್ಜನ್ ಮುರಳಿಮೋಹನ್, ನಾನು ಪಕ್ಕದಲ್ಲೇ ನಿಲ್ಲುತ್ತೇನೆ, ನಿನ್ನಿಂದ ಆಗದಿದ್ದರೆ ಮುಂದಿನದನ್ನು ನಾನು ಮಾಡುತ್ತೇನೆ ಎಂದ ಮೇಲೆ ಒಪ್ಪಿದಳು.

ಚಲಪತಿಗೆ ಪ್ರಜ್ಞೆ ತಪ್ಪಿಸಿರಲಿಲ್ಲ. ಆ ಜಾಗವನ್ನಷ್ಟೇ ಮರಗಟ್ಟಿಸಿದ್ದರು. ನರದ ಹತ್ತಿರ ಹೋದಾಗ ನೋವಾಗುತ್ತೆ, ಆಗ ತಕ್ಷಣ ಹೇಳಬೇಕು, ರೋಗಿಯ ಬಾಯೇ ನಮಗೆ ದಾರಿ ಎಂದು ಬೆಳಿಗ್ಗೆಯೇ ಅವಳು ಎರಡೆರಡು ಸಲ ಹೇಳಿದ್ದಳು. ಅವನು ಹೂಂಗುಟ್ಟಿದ್ದ.

ಅರ್ಧ ಗಂಟೆಯಾಗಿರಬೇಕು. ಸೊಂಟದಿಂದ ಹಿಮ್ಮಡಿಯವರೆಗೆ ಕಾದ ಕಂಬಿ ಎಳೆದಂತಾಯಿತು. ಚಲಪತಿ ತುಟಿ ಕಚ್ಚಿದ. ಮೂಟೆ ಹೊರುವವನು ನೋವು ಅಂದರೆ ಮರುದಿನ ಆ ಮೂಟೆ ಬೇರೆಯವನ ಬೆನ್ನಿಗೆ. ಹಾಗೆ ಕಲಿತ ಮೈ ಅದು. ಜೊತೆಗೆ, ತಾನೀಗ ಕೂಗಿದರೆ ಮಗಳ ಕೈ ಬೆದರಬಹುದು, ಪಕ್ಕದಲ್ಲಿರುವ ದೊಡ್ಡ ಡಾಕ್ಟರು ಅವಳನ್ನು ಸರಿಸಿಬಿಡಬಹುದು ಎಂಬ ಭಯ. “ನೋವಿದೆಯಾ?” ಎಂದು ಅವಳು ಕೇಳಿದಳು. ಇಲ್ಲ ಎಂದ.

ತಲೆಯ ಬಳಿ ಕೂತಿದ್ದ ನರ್ಸ್ ಸೌಜನ್ಯ, ಇವರ ತುಟಿಯಲ್ಲಿ ರಕ್ತ ಬರುತ್ತಿದೆ ಮೇಡಂ ಎಂದಳು. ನಾಡಿಯ ಸಂಖ್ಯೆ ಏರಿದ್ದನ್ನು ಮುರಳಿಮೋಹನ್ ಕೂಡ ನೋಡಿದರು. ಆದರೆ ಮುಂದೆ ಬರಲಿಲ್ಲ. ಗೌತಮಿ ಕೈ ನಿಲ್ಲಿಸಿದಳು.

“ಅಪ್ಪಾ,” ಎಂದಳು. ದನಿ ಮೆತ್ತಗಿತ್ತು, ಆದರೆ ಮಗಳ ದನಿಯಾಗಿರಲಿಲ್ಲ. “ನೀನು ಸುಮ್ನಿದ್ರೆ ನಾನು ಕುರುಡಿ. ನಿನ್ನ ನರ ನನಗೆ ಹೇಳಲ್ಲ, ನೀನೇ ಹೇಳ್ಬೇಕು. ಸಹಿಸ್ಕೊಂಡಿದ್ದು ಸಾಕು.”

ಚಲಪತಿ ಕಣ್ಣು ಮುಚ್ಚಿದ. ನಳಿಗೆ ಮತ್ತೆ ಅಲುಗಿತು. ಈ ಸಲ ಅವನ ಬಾಯಿಗೆ ಬಂದದ್ದು ಮನೆಯ ತೆಲುಗು. “ನೊಪ್ಪಿ... ನೊಪ್ಪಿ ತಲ್ಲೀ.” ನೋವು, ನೋವು ತಾಯೀ ಎಂದು.

ಅವಳು ತಕ್ಷಣ ನಿಂತಳು, ತುದಿಯನ್ನು ಕೂದಲೆಳೆಯಷ್ಟು ಹಿಂದೆ ತಂದು ಬೇರೆ ಮಗ್ಗುಲಿನಿಂದ ಸಾಗಿದಳು. ಹಾಗೆ ಐದಾರು ಸಲ. ಅವನು ಹೇಳುವುದು, ಅವಳು ನಿಲ್ಲುವುದು. ಆಮೇಲೆ ಜಾರಿದ್ದ ಡಿಸ್ಕಿನ ತುಂಡು ಚಿಮುಟಕ್ಕೆ ಸಿಕ್ಕಿ ಹೊರಬಂತು. ಎರಡು ವರ್ಷದಿಂದ ಕಾಲಿನಲ್ಲಿ ಉರಿಯುತ್ತಿದ್ದ ಬೆಂಕಿಗೆ ಯಾರೋ ನೀರೆರೆದಂತೆ ಆಯಿತು. ಮುರಳಿಮೋಹನ್ ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿ ಹೊರಗೆ ಹೋದರು. ಅವರ ಕೈಗವಸಿಗೆ ಒಂದು ಹನಿ ರಕ್ತವೂ ಹತ್ತಿರಲಿಲ್ಲ. ಚಲಪತಿ ಅದನ್ನು ಓರೆಗಣ್ಣಿನಲ್ಲಿ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡ.

ಸಂಜೆ ನಾಲ್ಕಕ್ಕೆ ವರಾಂಡದಲ್ಲಿ ಎರಡು ಸುತ್ತು ನಡೆಯಬಹುದೆಂದು ಸೌಜನ್ಯ ಹೇಳಿದಳು. ಮೊದಲ ಸುತ್ತಿನಲ್ಲೇ, ಎಂಆರ್‌ಐ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಕೆಂಚಾರ್ಲಹಳ್ಳಿಯ ರಾಮಾಂಜಿನಪ್ಪನವರು ಎದುರಾದರು. ಹಿಪ್ಪುನೇರಳೆ ತೋಟದ ದೊಡ್ಡ ಯಜಮಾನರು. ಮಾರುಕಟ್ಟೆಯಲ್ಲಿ ಅವರ ಗೂಡಿನ ಮೂಟೆ ಹೊತ್ತು ಚಲಪತಿ ಎಷ್ಟೋ ಸಲ ಅವರ ಹಿಂದೆ ನಡೆದಿದ್ದ. ಅವರದೂ ಇದೇ ಕಾಯಿಲೆ. ಎರಡು ಸಲ ಈ ವರಾಂಡದವರೆಗೆ ಬಂದು, ಎರಡು ಸಲವೂ ಡಾಕ್ಟರನ್ನು ನೋಡದೆ ಹಿಂದಕ್ಕೆ ಹೋಗಿದ್ದರು.

ಅವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಬೆಳಿಗ್ಗೆ ತಾನೇ ಆಪರೇಷನ್ ಅಂದ್ರು. ನೋವಾಗ್ಲಿಲ್ವೇನೋ?”

“ಆಯ್ತು ಯಜಮಾನ್ರೇ. ನೋವು ಅಂದೆ. ಡಾಕ್ಟ್ರು ಕೈ ನಿಲ್ಲಿಸಿದ್ರು.”

ರಾಮಾಂಜಿನಪ್ಪ ಕವರನ್ನು ಕಂಕುಳಿಗೆ ಸೇರಿಸಿಕೊಂಡು ಎದ್ದರು. ಆಮೇಲೆ, ಡಾಕ್ಟರಮ್ಮ ಯಾವ ರೂಮಲ್ಲಿ ಕೂರ್ತಾರೆ ಎಂದು ಕೇಳಿದರು. ಬನ್ನಿ ಎಂದು ಚಲಪತಿ ಮುಂದೆ ನಡೆದ. ಯಜಮಾನರು ಗೋಡೆ ಹಿಡಿದು, ಕಾಲೆಳೆಯುತ್ತ ಹಿಂದೆ ಬರುತ್ತಿದ್ದರು. ಅವರಿಗೆ ಎಟುಕುವಷ್ಟೇ ನಿಧಾನವಾಗಿ, ಬೆನ್ನು ನೆಟ್ಟಗಿಟ್ಟುಕೊಂಡು, ಅವನು ದಾರಿ ತೋರಿಸುತ್ತಿದ್ದ.