ಕಾಂಡ್ಲಾ ಬೇರಿನ ಬುಡದಲ್ಲಿ

ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಎಳೆ ಎಳೆಯಾಗಿ ಮೇಲಿನಿಂದ ಕೆಳಗೆ ಇಳಿಯುತ್ತಿತ್ತು. ಮೊದಲು ಎರಡು ಪುಟ್ಟ ಕೊಂಬು, ಆಮೇಲೆ ಎಲೆಯಂಥ ಮೈ, ಅಂಚಿನುದ್ದಕ್ಕೂ ನೆರಿಗೆ. ಪೂರ್ತಿ ಇಳಿಯುವ ಮೊದಲೇ ಪ್ರಗತಿಗೆ ಗೊತ್ತಾಯಿತು. ಅದು ಅವಳದೇ ಹುಳು.

ನಾಲ್ಕು ವರ್ಷದಿಂದ ಅವಳ ಸಂಶೋಧನೆಯೆಲ್ಲ ಆ ಹುಳುವಿನ ಮೇಲೆ. ಕಾಳಿ ನದಿ ಕಡಲು ಸೇರುವಲ್ಲಿ, ಕೆಸರಿನಲ್ಲಿ ಬೇರೂರಿ ನಿಂತ ಕಾಂಡ್ಲಾ ಗಿಡಗಳ ನಡುವೆ ಅವಳ ತಾಯಿ ಗಂಗೂ ಬಳಚು ಎಂಬ ಚಿಪ್ಪುಮೀನು ಆರಿಸುತ್ತಾಳೆ. ಒಂದು ದಿನ ಬುಟ್ಟಿಯ ಚಿಪ್ಪುಗಳ ನಡುವೆ ಅದು ಬಂದಿತ್ತು. ಉಗುರಿನಷ್ಟು ಉದ್ದದ, ಹಸಿರು ಬಣ್ಣದ, ಚಿಪ್ಪೇ ಇಲ್ಲದ ಬಸವನಹುಳು. ಅಂಗೈಯ ನೀರಿನಲ್ಲಿ ಬಿಟ್ಟರೆ ಅದರ ಮೈಯೊಳಗಿಂದ ಕೈಗೆರೆಗಳು ಕಾಣುತ್ತಿದ್ದವು. ಆಮೇಲೆ ಸಿಕ್ಕಿದ್ದು ಇನ್ನೆರಡೇ. ಯಾವ ಪುಸ್ತಕದಲ್ಲೂ ಅದರ ಸುದ್ದಿ ಇರಲಿಲ್ಲ. ಹೊಸ ಜಾತಿಯೆಂದು ಸಿದ್ಧವಾದರೆ ತಾಯಿಯ ಹೆಸರನ್ನೇ ಇಡುವುದೆಂದು ಪ್ರಗತಿ ನಿಶ್ಚಯಿಸಿದ್ದಳು. ಗಂಗೂ ಅದನ್ನು ಕಾರವಾರದ ಮೀನುಪೇಟೆಯಲ್ಲೆಲ್ಲ ಹೇಳಿಯೂ ಆಗಿತ್ತು.

ವಿಶ್ವವಿದ್ಯಾಲಯದವರು ಕಾರವಾರ ಕೇಂದ್ರದ ಗ್ರಂಥಾಲಯಕ್ಕೂ ಆನ್‌ಲೈನ್ ಡೇಟಾಬೇಸ್ ತೆರೆದುಕೊಟ್ಟದ್ದು ಎರಡು ಸಾವಿರದ ಐದರ ನವೆಂಬರಿನಲ್ಲಿ. ಆ ದಿನ ಗ್ರಂಥಪಾಲಕಿ ಜಾನಕಿ ಅಂಕೋಲೆಯಿಂದ ಮೊದಲ ಬಸ್ಸಿಗೇ ಬಂದಿದ್ದಳು. "ಇಷ್ಟು ದಿನ ಒಂದು ಲೇಖನ ಬೇಕಾದ್ರೆ ಪತ್ರ ಬರ್ದು ತಿಂಗಳುಗಟ್ಲೆ ಕಾಯುದಾಗಿತ್ತು. ಈಗ ನೂರು ವರ್ಷದ ಹಿಂದಿಂದೂ ಇಲ್ಲೇ ಅದೆಯಂತೆ. ಬಾ ತಂಗಿ, ಮೊದ್ಲು ನಿನ್ನ ಹುಳನೇ ಹುಡ್ಕುವಾ" ಎಂದು ಪಕ್ಕದ ಕುರ್ಚಿ ಎಳೆದಿದ್ದಳು.

"ಸಾವಿರದ ಒಂಬೈನೂರ ಮೂವತ್ತಾರು" ಎಂದು ಪ್ರಗತಿ ಈಗ ಓದಿದಳು. "ಮುಂಬಯಿಯ ಒಬ್ಬ ಪ್ರೊಫೆಸರ್. ಹೆಸರೂ ಇಟ್ಟಾಗಿದೆ ಮೇಡಂ."

ಕಿಟಕಿಯಾಚೆ ಕಡಲು ಬಿಸಿಲಲ್ಲಿ ಬಿಳಿಚಿಕೊಂಡಿತ್ತು. ದೂರದ ದೋಣಿಯೊಂದು ನಿಂತಿದೆಯೋ ಸಾಗುತ್ತಿದೆಯೋ ಹೇಳುವಂತಿರಲಿಲ್ಲ. ಪ್ರಗತಿ ಅದನ್ನೇ ನೋಡುತ್ತ ಕುಳಿತಳು.

"ನಾ ಹುಡ್ಕಿ ಕೊಡೂದೇ ಬೇಡಾಗಿತ್ತು" ಎಂದಳು ಜಾನಕಿ.

"ನೀವು ಹುಡುಕದಿದ್ರೂ ಅದು ಇದ್ದೇ ಇತ್ತಲ್ಲ."

ಸುಮ್ಮನಿರಲಾಗದೆ ಜಾನಕಿ ಆ ಪ್ರೊಫೆಸರ್ ಹೆಸರಿನ ಮೇಲೆ ಒತ್ತಿದಳು. ಅವರದೇ ಇನ್ನೊಂದು ಬರಹ ತೆರೆಯಿತು. ಮೂರು ವರ್ಷದ ನಂತರದ್ದು, ಒಂದೇ ಪುಟ. ಪ್ರಗತಿ ನಿಧಾನವಾಗಿ ಓದಿದಳು. ಮೂರು ಚಳಿಗಾಲವೂ ಕಾರವಾರಕ್ಕೆ ಬಂದು ಹುಡುಕಿದೆ, ಒಂದೂ ಕಾಣಲಿಲ್ಲ, ಅಳಿದು ಹೋಗಿರಬೇಕು, ಮುಂದೆ ಯಾರಿಗಾದರೂ ಕಂಡರೆ ದಯಮಾಡಿ ತಿಳಿಸಿ, ಎಂದಿತ್ತು. ಕೆಳಗೆ ಮುಂಬಯಿಯ ವಿಳಾಸ. ಸಂಜೆಯವರೆಗೆ ಹುಡುಕಿದರು. ಆ ಪುಟದ ನಂತರ ಅರವತ್ತಾರು ವರ್ಷ ಆ ಹುಳುವಿನ ಬಗ್ಗೆ ಯಾರೂ ಒಂದಕ್ಷರ ಬರೆದಿರಲಿಲ್ಲ.

"ಹಂಗಾದ್ರೆ ಅದು ಬದ್ಕಿ ಅದೆ ಅಂತ ಹೇಳೂಕೆ ನೀನೊಬ್ಳೇ ಇರುದು" ಎಂದಳು ಜಾನಕಿ.

ಮಾರ್ಗದರ್ಶಕರೂ ಅದನ್ನೇ ಹೇಳಿದರು. ಆದರೆ ಸ್ಪಿರಿಟಿನಲ್ಲಿಟ್ಟ ಮೂರೂ ಬಣ್ಣಗೆಟ್ಟಿದ್ದವು. ಹೊಸದೊಂದು ಬೇಕು ಎಂದರು.

ಮರುದಿನ ಬೆಳಿಗ್ಗೆ ನೀರು ಇಳಿದಾಗ ತಾಯಿ ಮಗಳು ಹೊಳೆಗೆ ಇಳಿದರು. ಮಂಜು ಇನ್ನೂ ನೀರಿನ ಮೇಲೇ ಇತ್ತು. ಆಚೆ ದಡ ಕಾಣುತ್ತಿರಲಿಲ್ಲ. ಗಂಗೂ ಅಂಗಾಲಲ್ಲೇ ನೆಲ ನೋಡುತ್ತ ಮುಂದೆ ನಡೆದಳು. ಹಿಂದಿನಿಂದ ಪ್ರಗತಿ ತಡೆದು ತಡೆದು ಎಲ್ಲವನ್ನೂ ಹೇಳಿದಳು.

"ಹಂಗಾರೆ ಅದ್ಕೆ ನನ್ನ ಹೆಸ್ರಿಲ್ಲ."

"ಇಲ್ಲ ಆಯಿ."

ಗಂಗೂ ಸೀರೆ ಎತ್ತಿ ಸಿಕ್ಕಿಸಿ ಇನ್ನೂ ಒಳಕ್ಕೆ ನಡೆದಳು. "ಹೋಗ್ಲಿ. ಪೇಟೆಲಿ ಕೇಳ್ದವ್ರಿಗೆ ಎಂತಾದ್ರೂ ಹೇಳ್ತೆ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಅಂವ ಹುಡ್ಕಿದ್ದು ಎಲ್ಲಿ?" ಎಂದು ಕೇಳಿದಳು.

"ಮೊದಲು ಸಿಕ್ಕಿದ ಜಾಗದಲ್ಲೇ. ದಡದ ಹತ್ರ."

"ಇಲ್ಲಿ ತನ್ಕ ಬರ್ಲಿಲ್ಲ ಹಂಗಾರೆ" ಎನ್ನುತ್ತ ಗಂಗೂ ಬಗ್ಗಿ, ಕಾಂಡ್ಲಾ ಬೇರಿನ ಬುಡದ ಪಾಚಿಯನ್ನು ಎರಡು ಬೆರಳಿಂದ ಸರಿಸಿದಳು. "ನೋಡು."

ಒಂದೇ ಒಂದು ಇತ್ತು. ನೆರಿಗೆ ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ, ನಿದ್ದೆಯಲ್ಲಿ ಉಸಿರಾಡುವಂತೆ ನೀರಿನಲ್ಲಿ ತೇಲುತ್ತಿತ್ತು. ನೆರಿಗೆ ತೆರೆದಾಗಲೆಲ್ಲ ಸುತ್ತಲಿನ ನೀರೂ ಒಂದಿಷ್ಟು ಹಸಿರಾಗುತ್ತಿತ್ತು. ಪ್ರಗತಿ ಸ್ಪಿರಿಟ್ ಬಾಟಲಿಯ ಮುಚ್ಚಳ ತಿರುಗಿಸಿದಳು.

"ಆ ಮನ್ಶಗೆ ಮೊದ್ಲು ಎಷ್ಟು ಸಿಕ್ಕಿದ್ವು?" ಗಂಗೂ ತಲೆಯೆತ್ತದೆ ಕೇಳಿದಳು.

"ಹನ್ನೊಂದು."

"ಎಲ್ಲಾ ಬಾಟ್ಲಿಗೆ ಹಾಕಂಡ್ನಾ?"

"ಹನ್ನೊಂದೂ."

ಗಂಗೂ ಪಾಚಿಯನ್ನು ಹಾಗೇ ಸರಿಸಿ ಹಿಡಿದಿದ್ದಳು. "ಮತ್ತೆ ಮೂರು ವರ್ಷ ಎಂತಾ ಹುಡ್ಕಿದ್ನೇ ಅಂವ?"

ಪ್ರಗತಿ ಬಾಟಲಿಯ ಮುಚ್ಚಳ ಹಾಕಿ, ಚೀಲದಿಂದ ಕೇಂದ್ರದ ಕ್ಯಾಮೆರಾ ತೆಗೆದಳು. ಉಬ್ಬರದ ಮೊದಲ ನೀರು ಬೇರುಗಳ ನಡುವೆ ಸದ್ದಿಲ್ಲದೆ ಬರುತ್ತಿತ್ತು. ಮೂರು ಫೋಟೋ ಆಗುವವರೆಗೆ ಕಾದು, ಗಂಗೂ ಮಗುವಿಗೆ ಹೊದಿಕೆ ಹೊದಿಸುವಂತೆ ಪಾಚಿಯನ್ನು ಅದರ ಮೇಲೆ ಎಳೆದಳು.