ಮೇಲಿನ ರೆಕ್ಕೆ

ಇವತ್ತಿಗೂ ಗಮ್ ಟ್ಯೂಬಿನ ಮುಚ್ಚಳ ತೆಗೆದರೆ ಹುತ್ತೂರಿನ ನಮ್ಮ ರೇಷ್ಮೆ ಹುಳದ ಮನೆಯ ಆ ಮಧ್ಯಾಹ್ನ ಮೂಗಿಗೆ ಬರುತ್ತದೆ.

ಅಪ್ಪ ಜಗಲಿಯಲ್ಲಿ ಕೂತು ನನಗೆ ರಿಮೋಟ್ ವಿಮಾನ ಜೋಡಿಸುತ್ತಿದ್ದ. ಒಂದರ ಮೇಲೊಂದು ಎರಡು ರೆಕ್ಕೆಯದು. ಮೇಲಿನ ರೆಕ್ಕೆಗೆ ಗಮ್ ಹಚ್ಚಿದ್ದೇ ತಡ, ಒಳಗಿನಿಂದ ಅಜ್ಜಿ ಕೂಗಿದಳು: "ಏನೋ ಅದು ನಾತ? ಹುಳ ಸೊಪ್ಪು ಮುಟ್ಟಲ್ಲ ಕಣೋ. ಆಚೆ ತಗೊಂಡೋಗು!"

ಹಿಪ್ಪುನೇರಳೆ ತೋಟದ ಬದುವಿಗೆ ಹೋದೆವು. ಅಲ್ಲಿ ಹಾಳು ಗಾಳಿ. ಗಮ್ ಒಣಗುವ ಮೊದಲೇ ರೆಕ್ಕೆ ಸೊಟ್ಟಗಾಗುತ್ತಿತ್ತು. ನಾನು ಹಿಡಿದುಕೊಂಡರೆ ನನ್ನ ಬೆರಳೇ ಅಂಟುತ್ತಿತ್ತು. ರಿಮೋಟಿನಲ್ಲಿ ಎಡಕ್ಕೆ ಒತ್ತಿದರೆ ಬಾಲ ಬಲಕ್ಕೆ ತಿರುಗುತ್ತಿತ್ತು. ಅಪ್ಪ ಬಿಚ್ಚಿದ, ಜೋಡಿಸಿದ, ಹಲ್ಲು ಕಚ್ಚಿಕೊಂಡು ಮತ್ತೆ ಬಿಚ್ಚಿದ.

"ಸೊಪ್ಪು ಹಾಕೋ ಹೊತ್ತಾಯ್ತು, ಬಾರೋ" ಎಂದು ಅಜ್ಜಿ ಅಪ್ಪನನ್ನು ಕರೆದಳು. ಆ ಹುಳಗಳ ಮೇಲಿನ ಸಿಟ್ಟಿಗೆ ನನಗೆ ಮೈಯೆಲ್ಲ ಉರಿಯಿತು.

ಅಪ್ಪ ತೊಟ್ಟಿಯ ಹತ್ತಿರ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಕೈಯನ್ನು ನನ್ನ ಮೂಗಿಗೆ ಹಿಡಿದ. "ವಾಸನೆ ಹೋಯ್ತಾ ನೋಡೇ. ಇದ್ರೆ ಒಳಗೆ ಹೋಗೋ ಹಂಗಿಲ್ಲ."

ಬರೀ ಸೋಪಿನ ವಾಸನೆಯಿತ್ತು. "ಇನ್ನೂ ಐತೆ" ಅಂದೆ.

ಅಪ್ಪ ತಾನೂ ಮೂಸಿ ನೋಡಿಕೊಂಡ. ಆಮೇಲೆ, "ಇನ್ನೂ ಐತಂತಮ್ಮಾ!" ಎಂದು ಒಳಗೆ ಕೇಳುವಂತೆ ಕೂಗಿ, ಬದುವಿನ ಕಡೆಗೆ ನಡೆದ.